ಸುಂಕದವನ ಮುಂದೆ ಒಂದು ಹಾಡು

ಗರ್ಭಪಾತದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಎರಡು ಜನಪ್ರಿಯ ಹಾಡುಗಳಲ್ಲಿ ಒಬ್ಬರದೇ ಕೈವಾಡವಿದೆ. ಅಮೆರಿಕದ ಪಿಯಾನೋ ವಾದಕ, ಗಾಯಕ ಬೆನ್ ಫೋಲ್ಡ್ಸ್ 1997ರಲ್ಲಿ ತಮ್ಮ ತಂಡದೊಂದಿಗೆ ‘ಬ್ರಿಕ್’ ಎಂಬ ಹಾಡು ತಂದರು. ಹೈಸ್ಕೂಲಿನ ದಿನಗಳಲ್ಲಿ ಗೆಳತಿಯನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ ಒಂದು ಬೆಳಗಿನ ಕಥೆ ಅದು. ಕ್ರಿಸ್‌ಮಸ್ಸಿನ ಮರುದಿನ, ಬೆಳಗಿನ ಆರು ಗಂಟೆ. ಏಳೂವರೆಗೆ ಒಳಗಿನಿಂದ ಅವಳ ಹೆಸರು ಕೂಗುತ್ತಾರೆ. ಹುಡುಗ ಕಾರು ನಿಲ್ಲಿಸುವ ಜಾಗದಲ್ಲಿ ಶತಪಥ ಹಾಕುತ್ತಾನೆ, ಹಬ್ಬಕ್ಕೆ ಬಂದ ಉಡುಗೊರೆಗಳಲ್ಲಿ ಕೆಲವನ್ನು ಮಾರುತ್ತಾನೆ, ಅವಳಿಗೆಂದು ಹೂವು ಕೊಳ್ಳುತ್ತಾನೆ. ಗರ್ಭಪಾತ ಎಂಬ ಮಾತು ಹಾಡಿನಲ್ಲಿ ಒಮ್ಮೆಯೂ ಬರುವುದಿಲ್ಲ. ನಿಧಾನವಾದ ಪಿಯಾನೋ, ಸೋತ ದನಿ. ರೇಡಿಯೋ ಅದನ್ನು ಎತ್ತಿಕೊಂಡು ಮೆರೆಸಿತು. ತಂಡಕ್ಕೆ ಅಷ್ಟು ಹೆಸರು ತಂದ ಹಾಡು ಇನ್ನೊಂದಿಲ್ಲ. ಹನ್ನೊಂದು ವರ್ಷದ ಮೇಲೆ, 2008ರಲ್ಲಿ, ಅಮಾಂಡಾ ಪಾಮರ್ ಎಂಬ ಗಾಯಕಿ ತಮ್ಮದೇ ಹೆಸರಿನಲ್ಲಿ ತಂದ ಮೊದಲ ಆಲ್ಬಮ್ಮನ್ನು ನಿರ್ಮಿಸಿಕೊಟ್ಟವರೂ ಇದೇ ಫೋಲ್ಡ್ಸ್. ಅದರಲ್ಲಿ ‘ಒಯಾಸಿಸ್’ ಎಂಬ ಹಾಡಿದೆ. ಪಾರ್ಟಿಯೊಂದರಲ್ಲಿ ಹುಡುಗಿಯ ಮೇಲೆ ಅತ್ಯಾಚಾರವಾಗುತ್ತದೆ, ಅವಳು ಗರ್ಭ ತೆಗೆಸಿಕೊಳ್ಳುತ್ತಾಳೆ. ಅಷ್ಟರಲ್ಲಿ ಮೆಚ್ಚಿನ ಬ್ಯಾಂಡಿನವರು ಸಹಿ ಹಾಕಿದ ಫೋಟೊ ಅಂಚೆಯಲ್ಲಿ ಬರುತ್ತದೆ. ಎಲ್ಲ ಸರಿಹೋಯಿತೆಂದು ಅವಳು ಖುಷಿಪಡುತ್ತಾಳೆ. ಚಪ್ಪಾಳೆ ತಟ್ಟಿಸುವಂಥ ಕುಣಿತದ ಮಟ್ಟು. ಬ್ರಿಟನ್ನಿನ ರೇಡಿಯೋ, ಟೀವಿ ವಾಹಿನಿಗಳು ಅದನ್ನು ಹಾಕಲು ಒಪ್ಪಲಿಲ್ಲ. ಅತ್ಯಾಚಾರ, ಧರ್ಮ, ಗರ್ಭಪಾತ ಮೂರನ್ನೂ ಹಗುರ ಮಾಡಿದೆ ಎಂಬುದು ಅವರ ಆಕ್ಷೇಪವಾಗಿತ್ತು.

ಎರಡೂ ಹಾಡುಗಳಲ್ಲಿ ನಡೆಯುವ ಘಟನೆ ಒಂದೇ. ಬೇರೆಯಾಗಿರುವುದು ಭಾವ. ಜನಪ್ರಿಯ ಸಂಗೀತದ ಬಾಗಿಲು ಕಾಯುವವರು, ಅಂದರೆ ರೇಡಿಯೋ ಸ್ಟೇಷನ್ನಿನವರು, ರೆಕಾರ್ಡ್ ಕಂಪನಿಯವರು, ಟೀವಿಯವರು, ಗರ್ಭಪಾತವನ್ನು ವಿಷಯವೆಂದು ತಡೆದದ್ದಕ್ಕಿಂತ ಅದನ್ನು ಹಾಡುವ ಭಾವವನ್ನು ತಡೆದದ್ದೇ ಹೆಚ್ಚು ಎಂಬುದು ನನ್ನ ವಾದ. ಅತ್ತರೆ ಒಳಗೆ ಬಿಟ್ಟರು. ಮಗುವನ್ನು ಉಳಿಸಿಕೊಂಡು ನಕ್ಕರೂ ಬಿಟ್ಟರು. ಗರ್ಭ ತೆಗೆಸಿಕೊಂಡ ಹೆಂಗಸು ಕುಗ್ಗದೆ ತನ್ನ ಪಾಡಿಗೆ ತಾನು ಬದುಕನ್ನು ಮುಂದುವರಿಸಿದಳೋ, ತಕರಾರು ಎದ್ದಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎನ್ನುತ್ತದೆ ನಮ್ಮ ಗಾದೆ. ಈ ಕಟ್ಟೆಯ ಸುಂಕದವನು ದುಃಖವನ್ನೇ ಸುಂಕವಾಗಿ ವಸೂಲು ಮಾಡುತ್ತಾನೆ.

ಉಳಿಸಿಕೊಂಡವಳ ಹಾಡಿಗೆ ಸಿಕ್ಕ ಸ್ವಾಗತವನ್ನು ಮೊದಲು ನೋಡೋಣ. 1986ರಲ್ಲಿ ಮಡೋನಾ ಹಾಡಿದ ‘ಪಾಪಾ ಡೋಂಟ್ ಪ್ರೀಚ್’ನಲ್ಲಿ ಮದುವೆಯಾಗದ ಹುಡುಗಿಯೊಬ್ಬಳು ಬಸುರಿಯಾಗಿ, ಮಗುವನ್ನು ಉಳಿಸಿಕೊಳ್ಳುವ ತೀರ್ಮಾನವನ್ನು ಅಪ್ಪನ ಮುಂದೆ ಇಡುತ್ತಾಳೆ. ಹಾಡನ್ನು ಮೂಲತಃ ಬರೆದವರು ಬ್ರಯನ್ ಎಲಿಯಟ್. ಮಡೋನಾ ಅಲ್ಪಸ್ವಲ್ಪ ಸೇರಿಸಿದರು. ಅದು ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಒಂದನೇ ಸ್ಥಾನಕ್ಕೇರಿತು. ಆಮೇಲೆ ನಡೆದದ್ದು ಸ್ವಾರಸ್ಯದ ಸಂಗತಿ. ಪಾಪ್ ಹಾಡುಗಳ ಅಶ್ಲೀಲತೆಯ ವಿರುದ್ಧ ಹಿಂದಿನ ವರ್ಷವಷ್ಟೇ ದೊಡ್ಡ ಚಳವಳಿ ಹೂಡಿದ್ದ ಟಿಪ್ಪರ್ ಗೋರ್ ಈ ಹಾಡನ್ನು ಮೆಚ್ಚಿಕೊಂಡರು. ಕುಟುಂಬ ಯೋಜನೆಯ ಸೇವೆ ಕೊಡುವ ‘ಪ್ಲಾನ್ಡ್ ಪೇರೆಂಟ್‌ಹುಡ್’ನ ನ್ಯೂಯಾರ್ಕ್ ಘಟಕ ಮಾತ್ರ, ಹದಿಹರೆಯದ ಬಸಿರನ್ನು ಇದು ಚಂದಗಾಣಿಸುತ್ತಿದೆ ಎಂದು ಸಿಟ್ಟಾಯಿತು. ಮಡೋನಾರನ್ನು ಹೊಗಳಬೇಕಾದವರು ಬೈದರು, ಬೈಯಬೇಕಾದವರು ಹೊಗಳಿದರು. ಅಷ್ಟೆಲ್ಲ ಗಲಾಟೆಯ ನಡುವೆಯೂ ಹಾಡು ರೇಡಿಯೋದಿಂದ ಇಳಿಯಲಿಲ್ಲ. 1998ರಲ್ಲಿ ಲಾರಿನ್ ಹಿಲ್ ಹಾಡಿದ ‘ಟು ಝಯಾನ್’ನದೂ ಇದೇ ದಾರಿ. ವೃತ್ತಿಯ ಏರುಕಾಲದಲ್ಲಿ ಬಸುರಾದಾಗ, ಬುದ್ಧಿ ಇದ್ದರೆ ವೃತ್ತಿಯನ್ನು ನೋಡಿಕೋ ಎಂದ ಹಿತೈಷಿಗಳ ಮಾತು ಮೀರಿ ಮಗನನ್ನು ಹೆತ್ತ ತಾಯಿಯ ಸಂಭ್ರಮ ಅದರಲ್ಲಿದೆ. ಕಾರ್ಲೊಸ್ ಸಂಟಾನಾ ಅವರ ಗಿಟಾರ್ ಆ ಸಂಭ್ರಮಕ್ಕೆ ಜೊತೆಯಾಗುತ್ತದೆ. ಹಾಡು ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಒಂದು ವರ್ಷ ಮೊದಲು, ರ್‍ಯಾಪ್ ಗಾಯಕ ಕಾಮನ್ ‘ರೆಟ್ರೋಸ್ಪೆಕ್ಟ್ ಫಾರ್ ಲೈಫ್’ನಲ್ಲಿ ಹುಟ್ಟದೇ ಹೋದ ಮಗುವಿನ ಮುಂದೆ ಪಶ್ಚಾತ್ತಾಪಪಟ್ಟಾಗ ಅದರ ಪಲ್ಲವಿಯನ್ನು ಹಾಡಿದ್ದವರೂ ಹಿಲ್ ಅವರೇ. ಕಾಮನ್ ಅತ್ತರು, ಹಿಲ್ ಸಂಭ್ರಮಿಸಿದರು. ಎರಡಕ್ಕೂ ದಾರಿ ಸಲೀಸಾಗಿತ್ತು.

ದಾರಿ ಸಲೀಸಾಗದ ಹಾಡುಗಳಿಗೆ ಬರೋಣ. ‘ಒಯಾಸಿಸ್’ ಒಂದನ್ನೇ ಹಿಡಿದು ವಾದ ಹೂಡಿದರೆ, ಅಲ್ಲಿ ತಕರಾರಿದ್ದದ್ದು ಅತ್ಯಾಚಾರವನ್ನು ನಗೆಯಲ್ಲಿ ಹೇಳಿದ್ದಕ್ಕೆ, ಗರ್ಭಪಾತಕ್ಕಲ್ಲ ಎಂದು ಯಾರಾದರೂ ಹೇಳಬಹುದು. ಅದು ನ್ಯಾಯವಾದ ಮಾತೇ. ಹಾಗಾಗಿ ಅತ್ಯಾಚಾರದ ಸೋಂಕೇ ಇಲ್ಲದ ಇನ್ನೆರಡನ್ನು ತೆಗೆದುಕೊಳ್ಳುತ್ತೇನೆ. ಎರಡೂ ಅಮೆರಿಕದ ಹಳ್ಳಿಗಾಡಿನ ಸಂಗೀತವಾದ ಕಂಟ್ರಿಯವು. ಲೊರೆಟಾ ಲಿನ್ ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಹದಿನೈದಕ್ಕೆ ಮದುವೆ, ಬೆನ್ನಿಗೇ ಬೇಗಬೇಗನೆ ನಾಲ್ಕು ಮಕ್ಕಳು. ಅವರ ‘ದ ಪಿಲ್’ ಗರ್ಭಪಾತದ ಹಾಡಲ್ಲ, ಗರ್ಭನಿರೋಧಕ ಗುಳಿಗೆಯದು. ವರ್ಷವರ್ಷವೂ ಹೆತ್ತು ಸುಸ್ತಾದ ಹೆಂಡತಿ, ಮನೆಯನ್ನು ಮರಿ ಮಾಡಿಸುವ ಕೋಳಿಗೂಡಿಗೆ ಹೋಲಿಸಿ, ಇನ್ನು ನನ್ನ ಆಟ ಶುರು ಎಂದು ಗಂಡನಿಗೆ ನಗುನಗುತ್ತಾ ಎಚ್ಚರಿಕೆ ಕೊಡುತ್ತಾಳೆ. 1972ರಲ್ಲಿ ಧ್ವನಿಮುದ್ರಣವಾದ ಹಾಡನ್ನು ಕಂಪನಿ ಮೂರು ವರ್ಷ ಹೊರಬಿಡಲಿಲ್ಲ. 1975ರಲ್ಲಿ ಬಂದಾಗ ಹತ್ತಾರು ಸ್ಟೇಷನ್ನುಗಳು ಹಾಕಲು ನಿರಾಕರಿಸಿದವು, ಪಾದ್ರಿಗಳು ಉಪದೇಶದಲ್ಲಿ ಜರೆದರು. ಜನ ಕೊಂಡು ಕೇಳಿದರು. ಕಂಟ್ರಿ ಪಟ್ಟಿಯಲ್ಲಿ ಅದು ಐದನೇ ಸ್ಥಾನ ಮುಟ್ಟಿತು. ಸರ್ಕಾರದ ಕರಪತ್ರಗಳು ಮಾಡಲಾಗದ ಕೆಲಸವನ್ನು ನಿಮ್ಮ ಹಾಡು ಮಾಡಿದೆ ಎಂದು ಹಳ್ಳಿಯ ಡಾಕ್ಟರುಗಳು ತನಗೆ ಹೇಳಿದ್ದಾಗಿ ಲಿನ್ ಹೇಳಿಕೊಂಡಿದ್ದಾರೆ. ಎರಡನೆಯದು 2002ರಲ್ಲಿ ಟಿಮ್ ಮೆಕ್‌ಗ್ರಾ ಹಾಡಿದ ‘ರೆಡ್ ರ್‍ಯಾಗ್‌ಟಾಪ್’. ಹರೆಯದ ಜೋಡಿ, ಕೆಂಪು ಕಾರು, ಬೇಡದ ಬಸಿರು, ಬೇಡವೆಂಬ ನಿರ್ಧಾರ, ಕಾಲಾಂತರದಲ್ಲಿ ಅಗಲಿಕೆ. ಗರ್ಭಪಾತದ ಪ್ರಸ್ತಾಪ ನಾಲ್ಕಾರು ಸಾಲಿನಲ್ಲಿ ಮುಗಿದುಹೋಗುತ್ತದೆ. ಹಾಡು ಅದನ್ನು ಸರಿ ಎನ್ನುವುದಿಲ್ಲ, ತಪ್ಪು ಎಂದೂ ಹಲುಬುವುದಿಲ್ಲ. ಕೇಳುಗರ ದೂರು ಬಂದು ಕೆಲವು ಸ್ಟೇಷನ್ನುಗಳು ಅದನ್ನು ತೆಗೆದುಹಾಕಿದವು. ಇಷ್ಟು ಸಾಧು ಹಾಡಿಗೂ ಆಕ್ಷೇಪ ಬಂತೆಂದರೆ, ಅಲ್ಲಿ ಕೊರತೆಯಾಗಿದ್ದು ಪಶ್ಚಾತ್ತಾಪವೇ ಇರಬೇಕು.

ಇದಕ್ಕೆ ಒಂದು ಗಟ್ಟಿಯಾದ ಪ್ರತಿವಾದವಿದೆ. ಅಮೆರಿಕದಲ್ಲಿ ಗರ್ಭಪಾತವನ್ನು ಸಾಂವಿಧಾನಿಕ ಹಕ್ಕೆಂದು ಸಾರಿದ ‘ರೋ ವರ್ಸಸ್ ವೇಡ್’ ತೀರ್ಪು ಬಂದದ್ದು 1973ರ ಜನವರಿಯಲ್ಲಿ. ಮರುವರ್ಷ ಸೀಲ್ಸ್ ಅಂಡ್ ಕ್ರಾಫ್ಟ್ಸ್ ಜೋಡಿ ‘ಅನ್‌ಬಾರ್ನ್ ಚೈಲ್ಡ್’ ಎಂಬ ಹಾಡು ತಂದಿತು. ಇಬ್ಬರೂ ಬಹಾಯಿ ಧರ್ಮದವರು. ಹಾಡು ನೇರವಾಗಿ ಗರ್ಭಪಾತ ಬೇಡವೆನ್ನುತ್ತದೆ. ಅದನ್ನೂ ಹಲವು ಸ್ಟೇಷನ್ನುಗಳು ಹಾಕಲಿಲ್ಲ, ಸಂಗೀತ ಕಛೇರಿಗಳ ಹೊರಗೆ ಪ್ರತಿಭಟನೆ ನಡೆಯಿತು. ಹಾಗಾದರೆ ರೇಡಿಯೋದವರು ಯಾವ ಪಕ್ಷವನ್ನೂ ಹಿಡಿಯಲಿಲ್ಲ, ಜಗಳದಿಂದ ದೂರ ಉಳಿದರು ಅಷ್ಟೇ ಎನ್ನಬಹುದಲ್ಲವೇ? ಅರ್ಧ ನಿಜ. ಜಾಹೀರಾತಿನ ಮೇಲೆ ಬದುಕುವವರಿಗೆ ಉಪದೇಶ ಎಂದೂ ಇಷ್ಟವಿಲ್ಲ, ಅದು ಯಾವ ಕಡೆಯದ್ದಾದರೂ ಸರಿ. ಆದರೆ ‘ದ ಪಿಲ್’ ಉಪದೇಶ ಮಾಡುವುದಿಲ್ಲ, ‘ರೆಡ್ ರ್‍ಯಾಗ್‌ಟಾಪ್’ ಮೊದಲೇ ಮಾಡುವುದಿಲ್ಲ. ಎರಡೂ ಕಥೆ ಹೇಳುತ್ತವೆ, ‘ಬ್ರಿಕ್’ ಹೇಳಿದ ಹಾಗೆಯೇ. ಉಪದೇಶ ಬೇಡ ಎಂಬುದೊಂದೇ ನಿಯಮವಾಗಿದ್ದರೆ ಮೂರಕ್ಕೂ ಒಂದೇ ಮರ್ಯಾದೆ ಸಿಗಬೇಕಿತ್ತು. ಮಡೋನಾರ ಹಾಡು ಎಬ್ಬಿಸಿದ ಜಗಳವಂತೂ ಇವೆಲ್ಲಕ್ಕಿಂತ ದೊಡ್ಡದು. ಜಗಳಕ್ಕೆ ಹೆದರುವ ರೇಡಿಯೋ ಅದನ್ನು ತಿಂಗಳುಗಟ್ಟಲೆ ಹಾಕುತ್ತಿತ್ತೇ?

ಇನ್ನೂ ಆಳವಾದ ಆಕ್ಷೇಪವೊಂದು ಹಾಡಿನ ಸ್ವಭಾವವನ್ನೇ ಕುರಿತದ್ದು. ಹಾಡು ಹುಟ್ಟುವುದೇ ನೋವಿನಲ್ಲಿ. ಪ್ರೇಮಗೀತೆಗಳಲ್ಲೂ ಕೂಡಿದ್ದಕ್ಕಿಂತ ಅಗಲಿದ್ದೇ ಜಾಸ್ತಿ. ಗರ್ಭಪಾತದ ಹಾಡುಗಳು ಅಳುತ್ತವೆ ಎಂದರೆ ಅದರಲ್ಲಿ ಬಾಗಿಲು ಕಾಯುವವರ ತಪ್ಪೇನು? ಇದಕ್ಕೆ ಉತ್ತರವಾಗಿ ಹಾಡಿನಾಚೆಯ ಬದುಕನ್ನು ನೋಡಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯ ಡಯಾನಾ ಗ್ರೀನ್ ಫಾಸ್ಟರ್ ಮತ್ತು ಸಂಗಡಿಗರು ನಡೆಸಿದ ‘ಟರ್ನ್‌ಅವೇ’ ಅಧ್ಯಯನ, ಅಮೆರಿಕದ 21 ರಾಜ್ಯಗಳ 30 ಕ್ಲಿನಿಕ್ಕುಗಳಿಗೆ ಬಂದ ಸುಮಾರು ಸಾವಿರ ಹೆಂಗಸರನ್ನು ಐದು ವರ್ಷ ಮಾತನಾಡಿಸುತ್ತಾ ಹೋಯಿತು. ಗರ್ಭಪಾತ ಮಾಡಿಸಿಕೊಂಡವರು ಎಲ್ಲ ಹಂತದಲ್ಲೂ ಅತಿ ಹೆಚ್ಚಾಗಿ ಹೇಳಿದ ಭಾವ ನಿರಾಳ. ಐದು ವರ್ಷದ ಕೊನೆಗೆ ಅವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ತಮ್ಮ ನಿರ್ಧಾರ ಸರಿಯಾಗಿತ್ತು ಎಂದರು. ದುಃಖವೇ ಇರಲಿಲ್ಲವೆಂದಲ್ಲ, ಇತ್ತು, ಕಾಲ ಕಳೆದಂತೆ ಇಳಿಯಿತು. ಹಾಡೇನು ಜನಗಣತಿಯೇ, ಲೆಕ್ಕ ಹೊಂದಬೇಕೆಂದು ಯಾಕೆ ಬಯಸಬೇಕು ಎಂದು ಕೇಳಬಹುದು. ಹೊಂದಬೇಕಿಲ್ಲ. ಆದರೆ ಒಂದು ಅನುಭವದ ಅತಿ ಸಾಮಾನ್ಯ ಭಾವವೇ ಅದರ ಹಾಡುಗಳಲ್ಲಿ ಹುಡುಕಿದರೂ ಸಿಗದಷ್ಟು ಅಪರೂಪವಾದಾಗ ಅದನ್ನು ಕಲೆಯ ಸ್ವಭಾವವೆಂದು ಬಿಟ್ಟುಬಿಡಲಾಗದು. ದುಃಖ ಬೇರೆ, ಪಶ್ಚಾತ್ತಾಪ ಬೇರೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ನಿಕಿ ಮಿನಾಜ್ 2008ರ ‘ಆಟೋಬಯಾಗ್ರಫಿ’ಯಲ್ಲಿ ಹೆರದೇ ಹೋದ ಮಗುವಿನ ಕ್ಷಮೆ ಕೇಳುತ್ತಾರೆ, 2014ರ ‘ಆಲ್ ಥಿಂಗ್ಸ್ ಗೋ’ದಲ್ಲಿ ಮತ್ತೆ ಆ ನೆನಪಿಗೆ ಮರಳುತ್ತಾರೆ. ಅದೇ ಹೊತ್ತಿನ ಸಂದರ್ಶನದಲ್ಲಿ, ಆಗ ತಾನು ಸಿದ್ಧಳಿರಲಿಲ್ಲ, ಮಗುವಿಗೆ ಕೊಡಲು ತನ್ನಲ್ಲಿ ಏನೂ ಇರಲಿಲ್ಲ, ಆಯ್ಕೆಯ ಹಕ್ಕಿನ ಪರವಲ್ಲ ಎಂದರೆ ಅದು ಎರಡು ನಾಲಿಗೆಯಾಗುತ್ತದೆ ಎಂಬರ್ಥದ ಮಾತಾಡಿದ್ದಾರೆ. ಎದೆಯಲ್ಲಿ ಎರಡೂ ಒಟ್ಟಿಗೆ ಇದ್ದವು. ಹಾಡಿನೊಳಗೆ ಬಂದದ್ದು ಒಂದು, ಇನ್ನೊಂದು ಸಂದರ್ಶನಕ್ಕೇ ನಿಂತಿತು.

ಹಾಡುವವರು ಯಾರು ಎಂಬ ಪ್ರಶ್ನೆಯನ್ನು ಹೆಚ್ಚು ಎಳೆಯಬೇಕಿಲ್ಲ, ಆದರೆ ಬಿಡುವಂತೆಯೂ ಇಲ್ಲ. ‘ಬ್ರಿಕ್’, ‘ರೆಡ್ ರ್‍ಯಾಗ್‌ಟಾಪ್’, ಕಾಮನ್ ಅವರ ಪಶ್ಚಾತ್ತಾಪ, ಕ್ಲಿನಿಕ್ಕಿನ ಬಾಗಿಲಲ್ಲಿ ಪ್ರತಿಭಟನಕಾರರ ಬೈಗುಳ ಕೇಳಿ ನಡೆಯುವ ಹುಡುಗಿಯ ಬಗ್ಗೆ ಮರುಗುವ ಎವರ್‌ಲಾಸ್ಟ್‌ನ ‘ವಾಟ್ ಇಟ್ಸ್ ಲೈಕ್’: ಇವೆಲ್ಲ ಗಂಡಸರವು. ಗಂಡಸರಿಗೂ ಇದರಲ್ಲಿ ನೋವಿದೆ, ಹಾಡುವ ಹಕ್ಕೂ ಇದೆ. ಫೋಲ್ಡ್ಸ್ ಅವರ ಹಾಡಿನ ಬೆಲೆಯೇ ಅದರ ಪ್ರಾಮಾಣಿಕತೆ. ರಾಜಕೀಯ ಹೇಳಿಕೆ ಕೊಡುವುದು ನನ್ನ ಉದ್ದೇಶವಲ್ಲ, ಆಗ ಹೇಗನಿಸಿತೋ ಅದನ್ನಷ್ಟೇ ಬರೆದೆ ಎಂದು ಅವರು ಹೇಳಿದ್ದಾರೆ, ಹಾಡೂ ಹಾಗೆಯೇ ಇದೆ. ಆದರೆ ಹೂವು ಹಿಡಿದು ಹೊರಗೆ ನಿಂತವನಿಗೆ ಒಳಗಿನದು ಕಾಣುವುದಿಲ್ಲ. ಅವಳಿಗೆ ಏನನಿಸಿತು ಎಂದು ಕೇಳುಗ ತಿಳಿಯುವುದು ಅವನ ಅಳುಕಿನ ಮೂಲಕವೇ. ಹೊರಗೆ ಕಾದವನ ದುಃಖ ಹೀಗೆ ಸದ್ದಿಲ್ಲದೆ ಒಳಗೆ ಹೋದವಳ ದುಃಖವಾಗಿಬಿಡುತ್ತದೆ.

ರೇಡಿಯೋಗಿಂತ ಮೊದಲು ಹೀಗಿರಲಿಲ್ಲ ಎಂಬುದಕ್ಕೆ ಹಳೆಯ ಲಾವಣಿಗಳೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಎಂಬ ವಿದ್ವಾಂಸ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ 305 ಲಾವಣಿಗಳನ್ನು ಅವುಗಳ ಪಾಠಾಂತರಗಳ ಸಮೇತ ಸಂಗ್ರಹಿಸಿದರು. ಅದರಲ್ಲಿ 39ನೆಯದು ‘ಟ್ಯಾಮ್ ಲಿನ್’. ಅದರ ಕೆಲವು ಪಾಠಗಳಲ್ಲಿ ಬಸುರಿ ಜಾನೆಟ್ ಗರ್ಭ ಇಳಿಸುವ ಸೊಪ್ಪು ಕೀಳಲು ತಾನೇ ಕಾಡಿಗೆ ಹೋಗುತ್ತಾಳೆ. ಮಾಯಾಲೋಕದಲ್ಲಿ ಸೆರೆಸಿಕ್ಕ ಪ್ರಿಯಕರ ಎದುರಾಗಿ, ಮಗುವನ್ನು ಯಾಕೆ ಕೊಲ್ಲುತ್ತೀ ಎನ್ನುತ್ತಾನೆ. ಅವಳು ಬೆದರುವುದಿಲ್ಲ, ನೀನು ಮನುಷ್ಯನೋ ಅಲ್ಲವೋ ಎಂಬುದನ್ನು ಮೊದಲು ಹೇಳು ಎಂಬ ಧಾಟಿಯಲ್ಲಿ ವಿಚಾರಿಸುತ್ತಾಳೆ. ಕೊನೆಗೆ ಅವನನ್ನು ಬಿಡಿಸಿ ತರುವವಳೂ ಅವಳೇ. ಸೊಪ್ಪು ಕೀಳಲು ಹೋದದ್ದಕ್ಕೆ ಲಾವಣಿ ಅವಳನ್ನು ಶಿಕ್ಷಿಸುವುದಿಲ್ಲ. 173ನೆಯದಾದ ‘ಮೇರಿ ಹ್ಯಾಮಿಲ್ಟನ್’ನಲ್ಲಿ ರಾಣಿವಾಸದ ಸೇವಕಿಗೆ ಗಲ್ಲು ಕಾದಿದೆ. ಅದರ ಕೆಲವು ಪಾಠಗಳಲ್ಲೂ ಅವಳು ಮೊದಲು ಸೊಪ್ಪಿನ ಪ್ರಯೋಗ ಮಾಡಿ ಸೋಲುತ್ತಾಳೆ. 1960ರಲ್ಲಿ ಜೋನ್ ಬೇಯೆಜ್ ಇದನ್ನು ಹಾಡಿ ಜಗತ್ತಿಗೆ ತಲುಪಿಸಿದಾಗ ಗಲ್ಲು ಉಳಿಯಿತು, ಸೊಪ್ಪು ಉಳಿಯಲಿಲ್ಲ. ಬೇಯೆಜ್ ಬೇಕೆಂದೇ ಬಿಟ್ಟರೆಂದು ನಾನು ಹೇಳುತ್ತಿಲ್ಲ. ಲಾವಣಿ ಹಾಡುವವರೆಲ್ಲ ಯಾವುದೋ ಒಂದು ಪಾಠವನ್ನು ಆರಿಸಿಕೊಳ್ಳಲೇಬೇಕು. ಜನಪ್ರಿಯವಾಗಿದ್ದು ಇದು ಎಂಬುದಷ್ಟೇ ನನ್ನ ವಾದಕ್ಕೆ ಸಾಕು.

ಹಾಡಿನ ದುಃಖದ ಈ ಮಾತು ಐರ್ಲೆಂಡಿಗೆ ಬಂದಾಗ ಕರ್ನಾಟಕಕ್ಕೂ ತಾಗುತ್ತದೆ. 1983ರಲ್ಲಿ ಆ ದೇಶ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದು, ಹುಟ್ಟದ ಮಗುವಿನ ಜೀವದ ಹಕ್ಕನ್ನು ತಾಯಿಯದಕ್ಕೆ ಸಮ ಮಾಡಿತು. ಸಾವಿರಾರು ಹೆಂಗಸರು ಗುಟ್ಟಾಗಿ ಇಂಗ್ಲೆಂಡಿಗೆ ಹೋಗಿಬರುತ್ತಿದ್ದರು. ಅಂಥ ದೇಶದ ಶಿನೇಡ್ ಒ’ಕಾನರ್ 1991ರಲ್ಲಿ, ತಮ್ಮದೇ ಗರ್ಭಪಾತದ ಅನುಭವದಿಂದ ಹುಟ್ಟಿದ ‘ಮೈ ಸ್ಪೆಷಲ್ ಚೈಲ್ಡ್’ ಹಾಡಿದರು. ಅದೂ ಶೋಕದ್ದೇ. ಆದರೆ ಬಾಯಿ ಬಿಡುವುದೇ ಅಪರಾಧವೆನಿಸುವ ಕಡೆ ತನ್ನದೆಂದು ಹೇಳಿಕೊಂಡು ಅಳುವುದಕ್ಕೂ ಎದೆಗಾರಿಕೆ ಬೇಕು. ದುಃಖದ ಹಾಡನ್ನು ಹೀಗಳೆಯುವ ಅವಸರ ನನಗಿಲ್ಲದಿರುವುದು ಇದಕ್ಕೇ. 2012ರ ಅಕ್ಟೋಬರ್ 28ರಂದು ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡ, ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ ಅವರ ಕಥೆ ಇಲ್ಲಿ ಗೊತ್ತಿಲ್ಲದವರಿಲ್ಲ. ಹದಿನೇಳು ವಾರದ ಬಸುರು ಇಳಿದುಹೋಗುತ್ತಿತ್ತು, ಮಗು ಉಳಿಯುವುದಿಲ್ಲವೆಂದು ಗೊತ್ತಾಗಿತ್ತು. ಗರ್ಭ ತೆಗೆಯಿರಿ ಎಂದು ಕೇಳಿದರೂ ಭ್ರೂಣದ ಎದೆಬಡಿತ ಇರುವತನಕ ಆಗದೆಂದರು. ಸೋಂಕು ರಕ್ತಕ್ಕೇರಿ 31ರ ಸವಿತಾ ಹೋದರು. 2018ರ ಮೇ 25ರ ಜನಮತಗಣನೆಯಲ್ಲಿ ನೂರಕ್ಕೆ 66.4ರಷ್ಟು ಮತದಾರರು ಎಂಟನೇ ತಿದ್ದುಪಡಿಯನ್ನು ಕಿತ್ತುಹಾಕಿದಾಗ ಡಬ್ಲಿನ್ನಿನ ಗೋಡೆಯೊಂದರ ಮೇಲೆ ಅವರ ದೊಡ್ಡ ಚಿತ್ರವಿತ್ತು, ಅದರ ಸುತ್ತ ಕ್ಷಮೆ ಕೇಳುವ ಚೀಟಿಗಳಿದ್ದವು. ನೋಡಿ, ಕೊನೆಗೂ ಜನರ ಮನಸ್ಸು ತಿರುಗಿಸಿದ್ದು ದುಃಖವೇ ಅಲ್ಲವೇ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಆ ಮತದಿಂದ ಹುಟ್ಟಿದ ಕಾನೂನು ಹನ್ನೆರಡು ವಾರದೊಳಗೆ ಬಂದವಳನ್ನು ಕಾರಣ ಕೇಳುವುದಿಲ್ಲ. ಅತ್ತು ತೋರಿಸು ಎನ್ನುವುದಿಲ್ಲ. ಐರ್ಲೆಂಡಿನ ಮತದಾರರು ಸವಿತಾರಿಗಾಗಿ ಅತ್ತರು, ಕಾನೂನನ್ನು ಮಾತ್ರ ಅಳದವರಿಗೂ ಸೇರಿಸಿ ಬರೆಸಿಕೊಂಡರು.

ನಮ್ಮ ಕಾನೂನು ಅಷ್ಟು ದೂರ ಹೋಗಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಜಗತ್ತಿನ ಎಷ್ಟೋ ದೇಶಗಳಿಗಿಂತ ಮೊದಲೇ ಬಂತು. 2021ರ ತಿದ್ದುಪಡಿ ಕೆಲವು ವರ್ಗದ ಹೆಂಗಸರಿಗೆ ಅವಧಿಯನ್ನು 24 ವಾರಕ್ಕೆ ಏರಿಸಿತು. ಆದರೂ ಅದರ ಒಳದಾರಿ ಇಂದಿಗೂ ನೋವಿನದ್ದೇ. ಗರ್ಭನಿರೋಧಕ ಕೈಕೊಟ್ಟು ಬಸಿರಾದರೆ ಅದರಿಂದಾಗುವ ಮನೋವೇದನೆಯನ್ನು ಮಾನಸಿಕ ಆರೋಗ್ಯಕ್ಕಾದ ತೀವ್ರ ಹಾನಿಯೆಂದು ಭಾವಿಸಬಹುದು ಎನ್ನುತ್ತದೆ ಕಾಯ್ದೆ. ನನಗೆ ಬೇಡ ಎಂಬ ಮಾತು ಸಾಲದು, ಡಾಕ್ಟರು ಆ ವೇದನೆಯನ್ನು ಒಪ್ಪಬೇಕು. ಕನ್ನಡದಲ್ಲಿ ಈ ವಿಷಯ ನೆಲೆ ಕಂಡಿದ್ದು ಹಾಡಿಗಿಂತ ಕಥೆ, ಸಿನಿಮಾಗಳಲ್ಲಿ. ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದ ವಿಧವೆ ಯಮುನಾ ಗರ್ಭ ತೆಗೆಸಿಕೊಂಡ ಮೇಲೆ ಬದುಕಿರುವಾಗಲೇ ತಂದೆಯಿಂದ ಶ್ರಾದ್ಧ ಮಾಡಿಸಿಕೊಳ್ಳುತ್ತಾಳೆ. ಆ ಚಿತ್ರ ಕಟಕಟೆಗೆ ತಂದದ್ದು ಅವಳನ್ನಲ್ಲ, ಅವಳಿಂದ ಸುಂಕ ಎತ್ತಿದವರನ್ನು. ಪಾಶ್ಚಾತ್ಯ ಪಾಪ್ ಹಾಡು ಮಾಡಲು ಹಿಂಜರಿದ ಕೆಲಸ ಅದು.

2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟು ‘ರೋ’ ತೀರ್ಪನ್ನು ರದ್ದುಮಾಡಿದ ಮೇಲೆ ಅಳುವಿನ ಜಾಗಕ್ಕೆ ಸಿಟ್ಟು ಬಂದಿದೆ. ಮರುದಿನವೇ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಒಲಿವಿಯಾ ರಾಡ್ರಿಗೊ, ಲಿಲಿ ಆಲನ್ ಜೊತೆ ನಿಂತು ಐವರು ನ್ಯಾಯಮೂರ್ತಿಗಳ ಹೆಸರು ಹಿಡಿದು ಒಂದು ಬೈಗುಳದ ಹಾಡನ್ನು ಅವರಿಗೆ ‘ಅರ್ಪಿಸಿದರು’. ಅದೇ ವರ್ಷದ ಅಕ್ಟೋಬರಿನಲ್ಲಿ ಐರ್ಲೆಂಡಿನ ಹೋಝಿಯರ್ ‘ಸ್ವಾನ್ ಅಪಾನ್ ಲೀಡಾ’ ತಂದರು. ಆ ತೀರ್ಪಿನಿಂದ ಹುಟ್ಟಿದ ‘ದ ಲೈಟ್‌ಹೌಸ್’ ಅನ್ನು ಸ್ಟೀವಿ ನಿಕ್ಸ್ 2024ರಲ್ಲಿ ಬಿಡುಗಡೆ ಮಾಡಿದರು. ತಾವು ಹಿಂದೆ ಮಾಡಿಸಿಕೊಂಡಿದ್ದ ಗರ್ಭಪಾತ ಇಲ್ಲದಿದ್ದರೆ ತಮ್ಮ ಫ್ಲೀಟ್‌ವುಡ್ ಮ್ಯಾಕ್ ತಂಡವೇ ಉಳಿಯುತ್ತಿರಲಿಲ್ಲ ಎಂದು ಸಂದರ್ಶನದಲ್ಲಿ ನಿಸ್ಸಂಕೋಚವಾಗಿ ಹೇಳಿದವರು ಅವರು. ಹಾಡಿನಲ್ಲಿ ಬಂದದ್ದು ಹೋರಾಟದ ಕರೆ. ಹಕ್ಕು ಹೋದಾಗ ಸಿಟ್ಟು ಸಹಜ. ಆದರೆ ಸಿಟ್ಟಿನ ಹಾಡಿನ ವಿಷಯ ಕೋರ್ಟು, ಕಾನೂನು; ಕ್ಲಿನಿಕ್ಕಿನಿಂದ ಮನೆಗೆ ಬಂದು ಮಾರನೆಯ ದಿನ ಕೆಲಸಕ್ಕೆ ಹೋದವಳು ಅದರಲ್ಲೂ ಬರುವುದಿಲ್ಲ. ಅವಳ ಹತ್ತಿರಕ್ಕೆ ಬಂದದ್ದು ಮತ್ತೆ ಅಮಾಂಡಾ ಪಾಮರ್. 2019ರ ‘ವಾಯ್ಸ್‌ಮೇಲ್ ಫಾರ್ ಜಿಲ್’ನಲ್ಲಿ ಅವರು ನಗುವುದಿಲ್ಲ, ಪಿಯಾನೋದ ಗತಿ ‘ಬ್ರಿಕ್’ನಷ್ಟೇ ನಿಧಾನ. ಗರ್ಭ ತೆಗೆಸಿಕೊಳ್ಳಲು ಹೊರಟ ಗೆಳತಿಯ ಫೋನಿಗೆ ಸಂದೇಶ ಬಿಡುವ ಹೆಣ್ಣೊಬ್ಬಳು, ಹೆತ್ತವಳಿಗೆ ಸಿಗುವ ಕೇಕು, ಉಡುಗೊರೆ, ಹಾರೈಕೆ ನಿನಗೆ ಯಾರೂ ಕೊಡುವುದಿಲ್ಲ, ಊರಿಗೆ ಬಾ, ನಾವೇ ಒಂದು ಪಾರ್ಟಿ ಮಾಡೋಣ ಎನ್ನುತ್ತಾಳೆ. ಮಟ್ಟು ಶೋಕದ್ದು, ಹೇಳುವುದು ಪಾರ್ಟಿಯ ವಿಷಯ. ಬ್ರಿಟನ್ನಿನ ವಾಹಿನಿಗಳು ತಡೆದ ಮಾತನ್ನು ಪಾಮರ್ ಈ ಸಲ ವಾಹಿನಿಗಳಿಗೆ ಒಗ್ಗುವ ರಾಗದಲ್ಲಿಟ್ಟು ದಾಟಿಸಿದರು ಎಂದೇ ನನಗೆ ಕಾಣುತ್ತದೆ.